ಬೆರಳಲ್ಲಿ ಸೆನ್ಸರ್ ಇದ್ದ ಮಾತ್ರಕ್ಕೆ ಮುಟ್ಟಿದ್ದು ಗೊತ್ತಾಗುವುದಿಲ್ಲ

ಪ್ರಶ್ನೆ: ಸ್ನಾಯು ಬಿಗಿ ಮಾಡಿದರೆ ಓಡುವ ಕೃತಕ ಕೈ ಹಾಕಿಸಿಕೊಂಡಿದ್ದೇನೆ. ಬೆರಳಲ್ಲಿ ಸೆನ್ಸರ್ ಇದೆ ಅಂದಿದ್ದರು. ಆದರೂ ಏನು ಹಿಡಿದರೂ ಗೊತ್ತಾಗುವುದಿಲ್ಲ. ವೈಬ್ರೇಟರ್ ಹಾಕಿಸಿದರೆ ಸ್ಪರ್ಶ ವಾಪಸ್ ಬರುತ್ತದಾ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ತಪ್ಪು ನಿಮ್ಮದಲ್ಲ, ಅರ್ಧ ಹೇಳಿ ಮಾರುವವರದು. ಆ ಸೆನ್ಸರ್ ಸುದ್ದಿ ಮುಟ್ಟಿಸುವುದು ಕೈಯೊಳಗಿನ ಮೋಟರಿಗೆ, ನಿಮಗಲ್ಲ. ವಸ್ತು ಜಾರಿದರೆ ಕೈ ತಾನೇ ಹಿಡಿತ ಬಿಗಿ ಮಾಡುತ್ತದೆ, ಅಷ್ಟೆ.

ವೈಬ್ರೇಟರ್ ಅಂದರೆ ಫೋನಿನಲ್ಲಿರುವಂಥ ಪುಟ್ಟ ಮೋಟರ್. ಬೆರಳು ಒತ್ತಿದಾಗ ತೋಳಿನ ಚರ್ಮ ಅದುರುತ್ತದೆ. ಲೋಟ ಮುಟ್ಟಿದ ಹಾಗೆ ಅನಿಸುವುದಿಲ್ಲ, ತೋಳು ಅದುರಿದ ಹಾಗೇ ಅನಿಸುತ್ತದೆ. ಅದರ ಅರ್ಥವನ್ನು ಅಭ್ಯಾಸದಿಂದಲೇ ಕಲಿಯಬೇಕು. ಒಂದೇ ಸಮ ಅದುರುತ್ತಿದ್ದರೆ ಚರ್ಮ ಒಗ್ಗಿಹೋಗಿ ಗಮನಕ್ಕೇ ಬರುವುದಿಲ್ಲ. ಹಾಗಾಗಿ ವಸ್ತು ತಾಗಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಚುಟುಕಾಗಿ ಅದುರುವ ಏರ್ಪಾಟೇ ನನಗೆ ಇಷ್ಟ.

ಎಲ್ಲಿ ಕೂರಿಸುತ್ತಾರೆ ಅನ್ನುವುದೂ ಮುಖ್ಯ. ಕೆಲವರಿಗೆ ಉಳಿದ ತೋಳಿನ ಒಂದು ಜಾಗ ಮುಟ್ಟಿದರೆ ಇಲ್ಲದ ಹೆಬ್ಬೆರಳನ್ನೇ ಮುಟ್ಟಿದಂತಾಗುತ್ತದೆ, ಇನ್ನೊಂದು ಜಾಗ ಮುಟ್ಟಿದರೆ ಕಿರುಬೆರಳು. ಎಲ್ಲರಿಗೂ ಹೀಗಿರುವುದಿಲ್ಲ. ನಿಮಗಿದ್ದರೆ ಮೊದಲು ಆ ಜಾಗಗಳನ್ನು ಗುರುತು ಹಾಕಿಸಿ, ಅಲ್ಲೇ ಕೂರಿಸಲು ಕೇಳಿ. ವೈಬ್ರೇಟರ್ ಬದಲು ಸಣ್ಣ ಕರೆಂಟ್ ಕೊಡುವ ಪಟ್ಟಿಗಳೂ ಇವೆ. ಅವನ್ನು ಮನೆಯಲ್ಲಿ ಜೋಡಿಸಲು ಹೋಗಬೇಡಿ. ಆ ಕರೆಂಟು ಸ್ನಾಯುವಿನ ಸಿಗ್ನಲ್ ಜೊತೆ ಬೆರೆತರೆ ಕೈ ತನ್ನಷ್ಟಕ್ಕೇ ತೆರೆದೀತು.

ಇಷ್ಟಾದರೂ ದುಡ್ಡು ಹಾಕುವ ಮೊದಲು ಒಂದು ನೋಡಿಕೊಳ್ಳಿ. ಒಂದೇ ರೀತಿ ಬಿಗಿ ಮಾಡಿದಾಗ ಕೈ ಪ್ರತಿಸಲ ಒಂದೇ ರೀತಿ ಮುಚ್ಚುತ್ತದಾ? ಸಾಕೆಟ್, ಅಂದರೆ ಉಳಿದ ತೋಳು ಕೂರುವ ಕೃತಕ ಕೈಯ ಗೂಡು, ಸಡಿಲವಾಗಿ, ಬೆವರಿ, ಸ್ನಾಯುವಿನ ಸಿಗ್ನಲ್ ಹಿಡಿಯುವ ಎಲೆಕ್ಟ್ರೋಡ್ ಜಾರುತ್ತಿದ್ದರೆ ವೈಬ್ರೇಟರ್ ಹೇಳುವುದು ಲೋಟ ನಜ್ಜುಗುಜ್ಜಾದ ಮೇಲಿನ ಸುದ್ದಿ. ಮೊದಲು ಸಾಕೆಟ್ ಸರಿಮಾಡಿಸಿ. ಮೋಟರಿನ ಸದ್ದು, ಸಾಕೆಟ್ ಒತ್ತುವ ರೀತಿ, ನಿಮ್ಮ ಕಣ್ಣು ಈಗಲೇ ಸಾಕಷ್ಟು ಹೇಳುತ್ತಿವೆ ಅಲ್ವಾ? ವೈಬ್ರೇಟರ್ ನಿಜಕ್ಕೂ ಉಪಯೋಗಕ್ಕೆ ಬರುವುದು ನೋಡಲಾಗದ ಕಡೆ. ಬ್ಯಾಗಿನೊಳಗೆ ಕೈ ಹಾಕಿದಾಗ, ಯಾರ ಜೊತೆಗೋ ಮಾತಾಡುತ್ತಾ ಏನನ್ನೋ ಹಿಡಿದಿದ್ದಾಗ.

ಪ್ರಶ್ನೆ: ನರಕ್ಕೇ ಎಲೆಕ್ಟ್ರೋಡ್ ಹಾಕುತ್ತಾರಂತೆ, ನಿಜವಾ?

ಉತ್ತರ: ನಿಜ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಹಾಕಿಸಿಕೊಂಡವರ ನರಕ್ಕೆ ಸಣ್ಣ ಕರೆಂಟ್ ಕೊಟ್ಟಾಗ ಅವರಿಗೆ ಇಲ್ಲದ ಕೈಯಲ್ಲೇ ಸ್ಪರ್ಶ ಗೊತ್ತಾಯಿತು. ಆದರೆ ಅದು ಆಪರೇಷನ್, ವೈರು ಚರ್ಮ ದಾಟಿ ಹೊರಬರುತ್ತದೆ. ನೈತಿಕ ಸಮಿತಿ ಒಪ್ಪಿದ ಸಂಶೋಧನೆಯ ಹೊರಗೆ ಯಾರಾದರೂ ದುಡ್ಡಿಗೆ ಮಾಡಿಕೊಡುತ್ತೇನೆ ಅಂದರೆ ಎದ್ದು ಬನ್ನಿ.

ಪ್ರಶ್ನೆ: ಗಿಡಮೂಲಿಕೆ ಎಣ್ಣೆ ತಿಕ್ಕಿದರೆ ಬೆರಳಿನ ನರ ಮತ್ತೆ ಬೆಳೆಯುತ್ತದೆ ಅಂತಾರೆ?

ಉತ್ತರ: ಇಲ್ಲ. ಮೇಲಾಗಿ ಎಣ್ಣೆ ಚರ್ಮದ ಮೇಲೆ ಉಳಿದರೆ ಎಲೆಕ್ಟ್ರೋಡಿಗೆ ಸಿಗ್ನಲ್ಲೂ ಸರಿಯಾಗಿ ಸಿಗುವುದಿಲ್ಲ.