ಅಟ್ಟದ ಮೇಲಿನ ಕಬ್ಬೆಕ್ಕು, ಕುರಿಯಲ್ಲದ ಕಾಡುಕುರಿ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಪ್ರಶ್ನೆ: ‘ನಾವು ಕಂಡದ್ದು ಯಾವ ಪ್ರಾಣಿ?’ ಮೂವತ್ತು ವರ್ಷ ಹೈಸ್ಕೂಲಲ್ಲಿ ಜೀವಶಾಸ್ತ್ರ ಪಾಠ ಮಾಡಿದವನಿಗೆ ಇದಕ್ಕಿಂತ ಖುಷಿ ಕೊಡುವ ಪ್ರಶ್ನೆ ಇಲ್ಲ. ಐದು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಮ್ಮದು ಹಳೇ ಹೆಂಚಿನ ಮನೆ. ಹದಿನೈದು ದಿನದಿಂದ ರಾತ್ರಿ ಅಟ್ಟದ ಮೇಲೆ ದಡಬಡ ಸದ್ದು. ಟಾರ್ಚ್ ಬಿಟ್ಟಾಗ ಕಪ್ಪಗೆ, ಉದ್ದ ಬಾಲದ ಪ್ರಾಣಿ ಕಂಡಿತು. ಅಪ್ಪ ಕಬ್ಬೆಕ್ಕು ಅಂತಾರೆ. ಪಕ್ಕದ ಮನೆಯವರು ಪುನುಗು ಬೆಕ್ಕು ಅಂತಾರೆ. ಕೆಲಸದ ಹುಡುಗ ಚಿರತೆ ಮರಿ ಅಂತ ಹೆದರಿಸಿದ್ದಾನೆ. ಬೆಳಿಗ್ಗೆ ಎದ್ದರೆ ಬಾವಿಕಟ್ಟೆ ಮೇಲೆ ಬೀಜ ತುಂಬಿದ ಹಿಕ್ಕೆ ಇರುತ್ತದೆ. ಯಾರು ಹೇಳಿದ್ದು ಸರಿ? (ತೀರ್ಥಹಳ್ಳಿ ತಾಲೂಕು)

ಉತ್ತರ: ನಿಮ್ಮ ಅಪ್ಪ ಹೇಳಿದ್ದೇ ಸರಿ. ಆ ಹಿಕ್ಕೆಯ ವಿಷಯ ನೀವು ಬರೆಯದೇ ಇದ್ದಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ಚಿರತೆ ಹಣ್ಣು ತಿಂದು ಬದುಕುವ ಪ್ರಾಣಿ ಅಲ್ಲ. ಅದರ ಹಿಕ್ಕೆಯಲ್ಲಿ ಕೂದಲು, ಮೂಳೆ ಚೂರು ಇರುತ್ತದೆ. ಕಬ್ಬೆಕ್ಕು ಹಣ್ಣಿನ ಆಸೆಯ ಪ್ರಾಣಿ. ಬೈನೆ ಹಣ್ಣು, ಕಾಫಿ ಹಣ್ಣು, ಪಪ್ಪಾಯಿ, ಬಾಳೆ ಏನು ಸಿಕ್ಕರೂ ಬಿಡುವುದಿಲ್ಲ. ತಿರುಳು ಅರಗಿಸಿಕೊಂಡು ಬೀಜವನ್ನು ಹಾಗೇ ಹೊರಗೆ ಹಾಕುತ್ತದೆ. ಅದೂ ಎಲ್ಲರಿಗೂ ಕಾಣುವ ಹಾಗೆ, ಕಟ್ಟೆ ಮೇಲೆ, ಬಂಡೆ ಮೇಲೆ, ಬಿದ್ದ ಮರದ ಮೇಲೆ. ಒಂದು ವರ್ಷ ಇಂಥದ್ದೇ ಹಿಕ್ಕೆಯನ್ನು ಒಂಬತ್ತನೇ ತರಗತಿ ಮಕ್ಕಳು ಹಿಟ್ಟು ಜರಡಿಯಲ್ಲಿ ಹಾಕಿ ನಲ್ಲಿ ನೀರಲ್ಲಿ ತೊಳೆದರು. ಮೂಗು ಮುಚ್ಚಿಕೊಂಡೇ ಶುರು ಮಾಡಿದವರು ಆಮೇಲೆ ಮೂಗಿನ ಮೇಲಿನ ಕೈ ತೆಗೆದು ಬಗ್ಗಿ ನೋಡತೊಡಗಿದರು. ಬೈನೆ ಬೀಜ, ಸಿಪ್ಪೆ ಹೋದ ಕಾಫಿ ಬೀಜ, ಎರಡು ಜೀರುಂಡೆ ರೆಕ್ಕೆ, ಇಲಿಯ ಒಂದು ಹಲ್ಲು. ಆ ಪ್ರಾಣಿ ರಾತ್ರಿಯಿಡೀ ಎಲ್ಲೆಲ್ಲಿ ಓಡಾಡಿತು ಅನ್ನುವುದು ಜರಡಿಯಲ್ಲಿ ಕಾಣುತ್ತಿತ್ತು.

ಈಗ ಪುನುಗು ಬೆಕ್ಕಿನ ವಿಷಯ. ಅದೂ ಇದೂ ನೆಂಟರೇ, ಆದರೆ ಒಂದೇ ಅಲ್ಲ. ಬಾಲ ನೋಡಿ. ಬಾಲಕ್ಕೆ ಬಳೆ ತೊಡಿಸಿದ ಹಾಗೆ ಕಪ್ಪು ಬಿಳಿ ಪಟ್ಟೆ ಇದ್ದು, ಮೈಮೇಲೆ ಸಾಲು ಸಾಲು ಚುಕ್ಕೆ ಇದ್ದರೆ ಪುನುಗು ಬೆಕ್ಕು. ತಿರುಪತಿ ದೇವರಿಗೆ ಹಚ್ಚುವ ಪುನುಗು ತೈಲಕ್ಕೆ ಹೆಸರು ಬಂದದ್ದು ಇದರಿಂದ. ಅದು ನೆಲದ ಮೇಲೆ ಓಡಾಡುವುದೇ ಜಾಸ್ತಿ. ಬಾಲದಲ್ಲಿ ಬಳೆಯಿಲ್ಲದೆ ಪೂರ್ತಿ ಕಪ್ಪಗಿದ್ದು, ಕಣ್ಣಿನ ಸುತ್ತ ಮುಖವಾಡ ಹಾಕಿದ ಹಾಗಿದ್ದರೆ ಕಬ್ಬೆಕ್ಕು. ಮರ, ಮಾಡು, ಅಟ್ಟ ಎಲ್ಲ ಅದಕ್ಕೆ ಒಂದೇ. ನಮ್ಮ ಪಶ್ಚಿಮ ಘಟ್ಟದಲ್ಲಿ ಇನ್ನೊಂದು ಕಂದು ಕಬ್ಬೆಕ್ಕು ಇದೆ. ಅದಕ್ಕೆ ಮುಖವಾಡ ಇಲ್ಲ, ಕತ್ತಿನ ಕೂದಲು ಮುಂದಕ್ಕೆ ತಿರುಗಿರುತ್ತದೆ. ಪ್ರಪಂಚದಲ್ಲಿ ಬೇರೆಲ್ಲೂ ಅದು ಸಿಗುವುದಿಲ್ಲ.

ಇವಕ್ಕೆಲ್ಲ ಬೆಕ್ಕು ಅಂತ ಹೆಸರಿದ್ದರೂ ಯಾವುದೂ ಬೆಕ್ಕಿನ ಕುಟುಂಬದ್ದಲ್ಲ. ಮನೆ ಬೆಕ್ಕಿನ ಬಾಯಲ್ಲಿ 30 ಹಲ್ಲು, ಕಬ್ಬೆಕ್ಕಿನ ಬಾಯಲ್ಲಿ 40. ಬಾಯಿ ತೆಗೆದು ಎಣಿಸಲು ಹೋಗಬೇಡಿ! ಒಲೆ ಬೂದಿಯನ್ನು ಜರಡಿ ಹಿಡಿದು ಅಟ್ಟದ ಹಲಗೆ ಮೇಲೆ ತೆಳ್ಳಗೆ ಹರಡಿ ಮಲಗಿ. ಬೆಕ್ಕಿನ ಜಾತಿಯ ಹೆಜ್ಜೆ ಬೂದಿಯಲ್ಲಿ ನಾಲ್ಕು ಬೆರಳು, ಉಗುರಿನ ಗುರುತಿಲ್ಲದೆ ಬೀಳುತ್ತದೆ. ಕಬ್ಬೆಕ್ಕಿನದು ಐದು ಬೆರಳು.

ಅಟ್ಟದಿಂದ ಕಳಿಸಬೇಕು ಅಂದರೆ ಮೊದಲು ಮರಿ ಇದೆಯಾ ನೋಡಿ. ಇದ್ದರೆ ಅವು ದೊಡ್ಡವಾಗಿ ಹೊರಡುವ ತನಕ ತಡೆದುಕೊಳ್ಳಿ. ಇಲ್ಲದಿದ್ದರೆ ಅದು ರಾತ್ರಿ ಹೊರಗೆ ಹೋದ ಮೇಲೆ ಸಂದಿಗೆ ತಂತಿ ಬಲೆ ಹೊಡೆಯಿರಿ. ವಿಷ ಇಡುವುದು, ಉರುಳು ಹಾಕುವುದು ಬೇಡ. ಕಾನೂನಿನಲ್ಲಿ ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ತೋಟದಂಚಿನಲ್ಲಿ ತಾನಾಗಿ ಎದ್ದ ಬೈನೆ ಗಿಡಗಳ ಬೀಜ ಹೊತ್ತು ತಂದದ್ದು ಇಂಥದ್ದೇ ಒಂದು ಕಬ್ಬೆಕ್ಕು ಇರಬಹುದು, ಅಲ್ವಾ?

ಪ್ರಶ್ನೆ: ಕಾಡುಕುರಿ, ಕೊಂಡುಕುರಿ ಎರಡೂ ಒಂದೇನಾ ಸಾರ್? ಎರಡಕ್ಕೂ ಕುರಿ ಅನ್ನುತ್ತಾರಲ್ಲ? (ಹುಣಸೂರು)

ಉತ್ತರ: ಒಂದೇ ಅಲ್ಲ. ತೂಕದಲ್ಲಿ ಎರಡೂ ಸುಮಾರು 20 ಕೆ.ಜಿ. ಆಸುಪಾಸು, ದೂರದಿಂದ ಕಂಡರೆ ಎಂಥವರಿಗೂ ಗೊಂದಲ ಆಗುತ್ತದೆ. ಕಾಡುಕುರಿ ನಿಜಕ್ಕೂ ಜಿಂಕೆ. ಗಂಡಿನ ಕೊಂಬು ಉದುರಿ ಮತ್ತೆ ಹುಟ್ಟುತ್ತದೆ. ಕೊಂಬಿನ ಬುಡ ಮಾತ್ರ ಉದ್ದಕ್ಕೆ, ಕೂದಲು ಮುಚ್ಚಿಕೊಂಡು ಹಾಗೇ ಉಳಿಯುತ್ತದೆ. ಮುಖವನ್ನು ಎದುರಿನಿಂದ ನೋಡಿದರೆ ಹಣೆ ಮೇಲೆ ಎರಡು ಏಣು ಇಳಿದು ಬಂದು ಸೇರಿದ ಹಾಗೆ ಕಾಣುತ್ತದೆ. ಅಪಾಯ ಕಂಡರೆ ನಾಯಿ ಹಾಗೆ ಬೊಗಳುತ್ತದೆ, ಒಂದೇ ಸಮ, ಎಷ್ಟೋ ಹೊತ್ತು. ಗೊತ್ತಿಲ್ಲದವರು ಕಾಡೊಳಗೆ ಯಾರದೋ ನಾಯಿ ಸಿಕ್ಕಿಹಾಕಿಕೊಂಡಿದೆ ಅಂದುಕೊಳ್ಳುತ್ತಾರೆ.

ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಹಿಂದಿನ ಜೋಡಿ ಸ್ವಲ್ಪ ಉದ್ದ, ಮುಂದಿನ ಜೋಡಿ ಮೊಳಕೆ ಹಾಗೆ ಚಿಕ್ಕದು. ಇವು ಉದುರುವುದಿಲ್ಲ. ಕಾಡಿನಲ್ಲಿ ಹೀಗೆ ನಾಲ್ಕು ಕೊಂಬು ಹೊತ್ತ ಪ್ರಾಣಿ ಇದೊಂದೇ, ಇರುವುದು ಭಾರತ ಮತ್ತು ನೇಪಾಳದಲ್ಲಿ. ನಿಮ್ಮ ಕಡೆ ಬಂಡೀಪುರ, ನಾಗರಹೊಳೆಯ ಒಣ ಕಾಡಿನಲ್ಲಿ ಹುಲ್ಲಿನ ಮಧ್ಯೆ ಒಂಟಿಯಾಗಿ ಇರುತ್ತದೆ. ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವ ಅಭ್ಯಾಸ. ಹುಲ್ಲಿನ ನಡುವೆ ಹಿಕ್ಕೆಯ ಗುಡ್ಡೆ ಕಂಡರೆ ಹತ್ತಿರದಲ್ಲೇ ಕೊಂಡುಕುರಿ ಇರಬಹುದು ಅಂತ ತಿಳಿಯಿರಿ. ಸ್ವಾರಸ್ಯ ಏನಂದರೆ, ದನ, ಆಡು, ಕುರಿ ಇರುವ ಕುಟುಂಬಕ್ಕೇ ಇದೂ ಸೇರುತ್ತದೆ. ಹಾಗಾಗಿ ಇವೆರಡರಲ್ಲಿ ಕುರಿಗೆ ಹತ್ತಿರದ ನೆಂಟಸ್ತಿಕೆ ಇರುವುದು ಕೊಂಡುಕುರಿಗೆ.

ಪ್ರಶ್ನೆ: ನಮ್ಮಲ್ಲಿ ಬರಿಂಕ ಅನ್ನುತ್ತೇವೆ, ಮೊಲಕ್ಕಿಂತ ಸ್ವಲ್ಪ ದೊಡ್ಡದು. ಜಿಂಕೆ ಮರಿಯಾ? (ಸುಳ್ಯ)

ಉತ್ತರ: ಮರಿ ಅಲ್ಲ, ಅದು ಬೆಳೆದರೂ ಅಷ್ಟೇ ಇರುತ್ತದೆ. ಮಲೆನಾಡಲ್ಲಿ ಬರ್ಕ ಅನ್ನುತ್ತೇವೆ. ಜಿಂಕೆಯೂ ಅಲ್ಲ, ಅದರ ಕುಟುಂಬವೇ ಬೇರೆ. ಗಂಡಿಗೂ ಕೊಂಬಿಲ್ಲ, ಬದಲಿಗೆ ಮೇಲಿನ ಕೋರೆಹಲ್ಲು ಹೊರಗೆ ಕಾಣುತ್ತದೆ. ಹೊಟ್ಟೆಯಲ್ಲಿ ಜಿಂಕೆಗೆ ನಾಲ್ಕು ಕೋಣೆ, ಬರ್ಕಕ್ಕೆ ಮೂರೇ.

ಪ್ರಶ್ನೆ: ಸರ್, ಪ್ರಾಣಿಗಳ ಕನ್ನಡ ಹೆಸರುಗಳನ್ನು ವಿಜ್ಞಾನದವರು ಯಾವಾಗಾದರೂ ಲೆಕ್ಕಕ್ಕೆ ತಗೊಂಡಿದ್ದಾರಾ? (ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ತಗೊಂಡಿದ್ದಾರಮ್ಮ, ಅದೂ ನಿಮ್ಮೂರಿನಲ್ಲೇ! ವಾಲ್ಟರ್ ಎಲಿಯಟ್ ಅನ್ನುವ ಅಧಿಕಾರಿ ಧಾರವಾಡದಲ್ಲಿದ್ದಾಗ ಆ ಸೀಮೆಯ ಸಸ್ತನಿಗಳನ್ನು ಪಟ್ಟಿ ಮಾಡಿದರು. ಅದು 1839ರಲ್ಲಿ ಮದ್ರಾಸಿನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಲ್ಯಾಟಿನ್ ಹೆಸರಿನ ಜೊತೆಗೆ ಊರಿನವರು ಏನನ್ನುತ್ತಾರೆ ಅಂತಲೂ ಬರೆದರು. ಹೊಲದ ಇಲಿಗಳ ವಿಷಯದಲ್ಲಂತೂ ಬಿಲ ಅಗೆದು ಇಲಿ ಹಿಡಿಯುತ್ತಿದ್ದ ವಡ್ಡರ ಜನರೇ ಅವರಿಗೆ ಗುರುಗಳು. ‘ಗುಲಂದಿ’ ಅಂತ ಒಂದು ಇಲಿಗೆ ಹೆಸರಿತ್ತು. ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಗ್ರೇ 1837ರಲ್ಲಿ ಅದಕ್ಕೆ ಇಟ್ಟ ಹೆಸರು ‘ಗೋಲುಂದ ಎಲಿಯೋಟಿ’. ನಮ್ಮ ಹೊಲದ ಮಾತು ಇವತ್ತಿಗೂ ಪ್ರಪಂಚದ ಎಲ್ಲ ಪುಸ್ತಕಗಳಲ್ಲಿ ಇದೆ. ಆಮೇಲೆ ಬಂದ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ಕೂಡ ಭಾರತದ ಸಸ್ತನಿಗಳ ಬಗ್ಗೆ ಬರೆದ 1867ರ ತಮ್ಮ ಪುಸ್ತಕದಲ್ಲಿ ಕನ್ನಡ ಹೆಸರುಗಳನ್ನು ಬಿಡಲಿಲ್ಲ. ಮೇಲೆ ಹೇಳಿದ ಕಂದು ಕಬ್ಬೆಕ್ಕಿನ ಲ್ಯಾಟಿನ್ ಹೆಸರಿನಲ್ಲಿರುವ ‘ಜೆರ್ಡೋನಿ’ ಅವರೇ.

ಅದಕ್ಕೇ, ಮನೆ ಬೆಕ್ಕಿನಷ್ಟೇ ಇರುವ ‘ಲೆಪರ್ಡ್ ಕ್ಯಾಟ್’ ಅನ್ನುವ ಪ್ರಾಣಿಯ ಇಂಗ್ಲಿಷ್ ಹೆಸರನ್ನು ಸುಮ್ನೆ ಅನುವಾದ ಮಾಡಿ ‘ಚಿರತೆ ಬೆಕ್ಕು’ ಅಂತ ಪತ್ರಿಕೆಯಲ್ಲಿ ಓದಿದಾಗ ನನಗೆ ಬೇಸರ ಆಗುತ್ತದೆ. ಅದನ್ನು ಓದಿ ಚಿರತೆ ಬಂತು ಅಂತ ಊರಲ್ಲಿ ಗಾಬರಿ ಆಗುತ್ತದೆ. ನೀವು ರಜೆಯಲ್ಲಿ ಊರಿಗೆ ಹೋದಾಗ ದನ ಕಾಯುವವರನ್ನು, ಅಜ್ಜ ಅಜ್ಜಿಯರನ್ನು ಕೇಳಿ ಹೆಸರು ಬರೆದುಕೊಳ್ಳಿ. ಚಿಗರಿ ಅಂದರೆ ಯಾವುದು, ಕಂಪನರಿ ಯಾವುದು, ಬಾಲದ ತುದಿ ಕಪ್ಪಾ ಅಲ್ವಾ, ಎಲ್ಲ ಕೇಳಿ. ಬರೆದದ್ದರ ಒಂದು ಪ್ರತಿ ನನಗೂ ಕಳಿಸಿ.

ಪ್ರಶ್ನೆ: ಕಬ್ಬು ಕಡಿಯುವಾಗ ಮೂರು ಮರಿ ಸಿಕ್ಕವು. ಚಿರತೆ ಮರಿ ಅಂತಾರೆ. ಮನೆಗೆ ತಂದು ಹಾಲು ಹಾಕುತ್ತಿದ್ದೇವೆ. ಮುಂದೇನು ಮಾಡಬೇಕು? (ಮದ್ದೂರು ತಾಲೂಕು, ಫೋಟೊ ಜೊತೆಗೆ)

ಉತ್ತರ: ಇವರ ಪತ್ರ ವಾಟ್ಸಾಪಿನಲ್ಲಿ ಬಂದ ಕೂಡಲೇ ಫೋನ್ ಮಾಡಿದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗೆ ಗೊತ್ತಿರಲಿ ಅಂತ.

ಫೋಟೊ ನೋಡಿದ ತಕ್ಷಣ ಬಾಲ ಕಣ್ಣಿಗೆ ಬಿತ್ತು. ಗಿಡ್ಡ ಬಾಲ, ತುದಿಯಲ್ಲಿ ಕಪ್ಪು ಉಂಗುರ. ಮೈಮೇಲೆ ಮಸುಕು ಗೆರೆ, ಕಿವಿ ತುದಿಯಲ್ಲಿ ಕೂದಲಿನ ಸಣ್ಣ ಕುಚ್ಚು. ಕಾಡುಬೆಕ್ಕಿನ ಮರಿಗಳು! ಚಿರತೆ ಮರಿಯಾದರೆ ಬಾಲ ಉದ್ದ, ಮೈ ತುಂಬ ಒತ್ತೊತ್ತಾಗಿ ಚುಕ್ಕೆ. ಯಾವುದೇ ಆಗಲಿ, ಕಬ್ಬಿನಲ್ಲಿ ಸಿಕ್ಕ ಮರಿ ಅಂದರೆ ತಾಯಿ ಬಿಟ್ಟು ಹೋದ ಮರಿ ಅಲ್ಲ. ಹಗಲು ಅವಳು ಹತ್ತಿರದಲ್ಲೇ ಎಲ್ಲೋ ಇರುತ್ತಾಳೆ. ಆ ಭಾಗದ ಕಟಾವು ಅಲ್ಲಿಗೇ ನಿಲ್ಲಿಸಿ, ಮರಿ ಮುಟ್ಟದೆ ದೂರ ಬನ್ನಿ. ಚಿರತೆ ಇರಬಹುದು ಅಂತ ಅನುಮಾನ ಬಂದರೆ ಅರಣ್ಯ ಇಲಾಖೆಯವರಿಗೆ ಹೇಳಿ. ಹಸುವಿನ ಹಾಲು ಬೇಡ, ಭೇದಿ ಆಗಿ ಮರಿ ಸಾಯಬಹುದು.

ಇಲಾಖೆಯವರು ಬಂದು, ಅಂದು ಸಂಜೆಯೇ ಮರಿಗಳನ್ನು ಸಿಕ್ಕ ಜಾಗದಲ್ಲೇ ಕುಕ್ಕೆಯಲ್ಲಿಟ್ಟು ಎಲ್ಲರನ್ನೂ ಮನೆಗೆ ಕಳಿಸಿದರು. ಬೆಳಿಗ್ಗೆ ಓದುಗರು ಎರಡನೇ ಫೋಟೊ ಕಳಿಸಿದರು. ಕುಕ್ಕೆ ಖಾಲಿ. ಪಕ್ಕದ ಹಸಿ ಮಣ್ಣಿನಲ್ಲಿ ದುಂಡನೆಯ ಸಣ್ಣ ಹೆಜ್ಜೆಗಳಿದ್ದವು, ನಾಲ್ಕು ಬೆರಳಿನವು, ಉಗುರಿನ ಗುರುತಿಲ್ಲ. ಕುಕ್ಕೆಯಿಂದ ಕಬ್ಬಿನ ಕಡೆಗೆ ಮೂರು ಸಲ ಹೋಗಿ ಬಂದಿದ್ದಳು.