ಬ್ಯಾಳಿ ಬಿಡಬೇಕೇನ್ರಿ?

ಪ್ರಶ್ನೆ: ನನಗ 48 ವಯಸ್ಸು, ಹೊಲದ ಕೆಲಸ. ಮೇ ತಿಂಗಳದಾಗ ರಕ್ತ ತಪಾಸ್ ಮಾಡಿಸಿದ್ರ ಬ್ಲಡ್ ಯೂರಿಯಾ 52, ಕ್ರಿಯಾಟಿನಿನ್ 0.9 ಬಂತು. ದಿನಾ ಎರಡೂ ಹೊತ್ತು ರೊಟ್ಟಿ ಜೋಡಿ ತೊಗರಿ ಬ್ಯಾಳಿ ಬೇಕೇ ಬೇಕು. ಯೂರಿಯಾ ಬ್ಯಾಳಿಯಿಂದನೇ ಬರ್ತದ ಅಂತಾರ. ಬಿಡಬೇಕೇನ್ರಿ?
– ಓದುಗರು, ಆಳಂದ

ಉತ್ತರ: ಈ ಎರಡು ಅಂಕಿ ನೋಡಿ ಬ್ಯಾಳಿ ಬಿಡಬೇಡಿ. ಯೂರಿಯಾ ಬ್ಯಾಳಿಯಿಂದಲೂ ಬರುತ್ತದೆ, ನಿಜ. ಎಷ್ಟು ಬರುತ್ತದೆ ನೋಡಿ: 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಪ್ರೋಟೀನಿನಲ್ಲಿ ಶೇ 16ರಷ್ಟು ಸಾರಜನಕ, ಅಂದರೆ ಮೂರೂವರೆ ಗ್ರಾಂ. ಅದಷ್ಟೂ ಯೂರಿಯಾ ಆದರೂ ಏಳೂವರೆ ಗ್ರಾಂ ದಾಟದು. ಗಟ್ಟಿಮುಟ್ಟಾದ ಮೂತ್ರಪಿಂಡಗಳು ದಿನಕ್ಕೆ 20–30 ಗ್ರಾಂ ಯೂರಿಯಾ ಸಲೀಸಾಗಿ ಹೊರಹಾಕುತ್ತವೆ.

ಜೋಳಕ್ಕೆ ಹಗೇವು ಇದ್ದಂತೆ ಪ್ರೋಟೀನ್ ಜೀರ್ಣವಾಗಿ ಸಿಗುವ ಅಮೈನೋ ಆಮ್ಲಗಳನ್ನು ಕೂಡಿಡಲು ದೇಹದಲ್ಲಿ ಜಾಗವಿಲ್ಲ. ಮಿಕ್ಕಿದ್ದನ್ನು ಒಡೆಯಲೇಬೇಕು. ಮೊದಲು ಅಮೈನೋ ಗುಂಪನ್ನು ಕಳಚಿ ಆಲ್ಫಾ-ಕೀಟೋಗ್ಲುಟರೇಟ್ ಎಂಬ ಇನ್ನೊಂದು ಅಣುವಿಗೆ ದಾಟಿಸಿದಾಗ ಅದು ಗ್ಲುಟಮೇಟ್ ಆಗುತ್ತದೆ. ಲಿವರ್ ರಿಪೋರ್ಟಿನಲ್ಲಿ ಕಾಣುವ ಎಸ್‌ಜಿಪಿಟಿ, ಎಸ್‌ಜಿಒಟಿ ಕಿಣ್ವಗಳು ಮಾಡುವುದು ಇದೇ ದಾಟಿಸುವ ಕೆಲಸ, ಅದೂ ಬಿ6 ವಿಟಮಿನ್ ನೆರವಿನಿಂದ. ಉಳಿದ ಇಂಗಾಲದ ಭಾಗ ಶಕ್ತಿಗೋ ಸಕ್ಕರೆಗೋ ಹೋಗುತ್ತದೆ. ಲಿವರ್‌ನಲ್ಲಿ ಗ್ಲುಟಮೇಟ್ ಅಮೋನಿಯಾ ಬಿಟ್ಟುಕೊಡುತ್ತದೆ. ಅಮೋನಿಯಾ ಮಿದುಳಿಗೆ ವಿಷ, ಹಾಗಾಗಿ ಅದನ್ನು ಅಲ್ಲೇ ಯೂರಿಯಾ ಮಾಡಿಬಿಡುವ ಐದು ಕಿಣ್ವಗಳಿವೆ. ಯೂರಿಯಾದ ಎರಡು ಸಾರಜನಕಗಳಲ್ಲಿ ಒಂದು ಅಮೋನಿಯಾದಿಂದ, ಇನ್ನೊಂದು ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲದಿಂದ ಬರುತ್ತದೆ. ಕೊನೆಯಲ್ಲಿ ಹೀಗೆ ಸಿದ್ಧವಾದ ಆರ್ಜಿನಿನ್ ಒಡೆದು ಯೂರಿಯಾ ಹೊರಬಿದ್ದರೆ, ಉಳಿದ ಆರ್ನಿಥಿನ್ ಮತ್ತೊಂದು ಸುತ್ತಿಗೆ ಸಿದ್ಧ. ಈ ಚಕ್ರವನ್ನು 1932ರಲ್ಲಿ ತೋರಿಸಿಕೊಟ್ಟವರು ವಿಜ್ಞಾನಿಗಳಾದ ಕ್ರೆಬ್ಸ್ ಮತ್ತು ಹೆನ್ಸೆಲೈಟ್.

ಹಾಗಿದ್ದರೆ 52 ಏಕೆ? ಸಾಮಾನ್ಯ ಮಟ್ಟ 100 ಮಿ.ಲೀ. ರಕ್ತದಲ್ಲಿ 15–40 ಮಿಲಿಗ್ರಾಂ. ಮೂತ್ರಪಿಂಡ ಸೋಸಿದ ಯೂರಿಯಾದಲ್ಲಿ ಒಂದಷ್ಟು ನೀರಿನ ಜೊತೆ ರಕ್ತಕ್ಕೆ ಮರಳುತ್ತದೆ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದಷ್ಟೂ ಹೆಚ್ಚು ಮರಳುತ್ತದೆ. ಸ್ನಾಯುಗಳ ಕಸವಾದ ಕ್ರಿಯಾಟಿನಿನ್ ಹಾಗೆ ಮರಳುವುದಿಲ್ಲ. ಯೂರಿಯಾ ಏರಿ ಕ್ರಿಯಾಟಿನಿನ್ ಸರಿಯಿದ್ದರೆ, ಅದರಲ್ಲೂ ಕಲಬುರಗಿಯ ಮೇ ತಿಂಗಳಲ್ಲಿ, ಮೊದಲ ಗುಮಾನಿ ನೀರಿನ ಮೇಲೆ. ಮೂತ್ರ ತಿಳಿ ಹಳದಿ ಬರುವಷ್ಟು ನೀರು, ಮಜ್ಜಿಗೆ ಕುಡಿಯುತ್ತಾ ಎರಡು ದಿನ ಕಳೆದ ಮೇಲೆ ಯೂರಿಯಾ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ (ಒಂದು ಪ್ರೋಟೀನ್) ಮೂರನ್ನೂ ಮಾಡಿಸಿ. ಮೈಕೈ ನೋವಿನ ಗುಳಿಗೆಗಳನ್ನು ನಿಮ್ಮಷ್ಟಕ್ಕೆ ನುಂಗಬೇಡಿ, ನೀರಿಲ್ಲದ ಮೂತ್ರಪಿಂಡಕ್ಕೆ ಅವು ದೊಡ್ಡ ಪೆಟ್ಟು. ಮಲ ಡಾಂಬರಿನಂತೆ ಕಪ್ಪಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ: ಹೊಟ್ಟೆಯೊಳಗೆ ಸೋರಿದ ರಕ್ತವೂ ಪ್ರೋಟೀನೇ, ಅದು ಜೀರ್ಣವಾದಾಗಲೂ ಯೂರಿಯಾ ಏರುತ್ತದೆ. ರಿಪೋರ್ಟಿನಲ್ಲಿ ‘ಬಿಯುಎನ್’ (ಯೂರಿಯಾದಲ್ಲಿನ ಸಾರಜನಕದ ಲೆಕ್ಕ ಮಾತ್ರ) ಎಂದಿದ್ದರೆ 2.14ರಿಂದ ಗುಣಿಸಿದರೆ ಯೂರಿಯಾ ಸಿಗುತ್ತದೆ.

ಪ್ರಶ್ನೆ: ಗೊಬ್ಬರದ ಯೂರಿಯಾ ಕರಗಿಸಿಟ್ಟ ನೀರು ಕುಡಿದು ನಮ್ಮ ಎಮ್ಮೆ ಸತ್ತಿತು. ಅದೇ ಯೂರಿಯಾ ನಮ್ಮ ರಕ್ತದಲ್ಲಿದ್ದರೂ ನಮಗೇಕೆ ಏನೂ ಆಗುವುದಿಲ್ಲ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ವಸ್ತು ಒಂದೇ. ಕೊಂದದ್ದು ಯೂರಿಯಾ ಅಲ್ಲ, ಅಮೋನಿಯಾ. ಎಮ್ಮೆಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾವನ್ನು ಬೇಗಬೇಗನೆ ಒಡೆಯುತ್ತವೆ. ಒಮ್ಮೆಲೇ ನುಗ್ಗುವ ಅಮೋನಿಯಾವನ್ನು ಲಿವರ್ ಸಂಭಾಳಿಸಲಾರದು. ಅರ್ಧ ಗಂಟೆಯಲ್ಲೇ ಜೊಲ್ಲು, ನಡುಕ, ಹೊಟ್ಟೆಯುಬ್ಬರ ಕಾಣಬಹುದು. ಪಶುವೈದ್ಯರು ನಳಿಕೆಯಿಂದ ತಣ್ಣೀರು, ವಿನೆಗರ್ ಬಿಡುತ್ತಾರೆ: ತಂಪಿಗೆ ಯೂರಿಯಾ ಒಡೆಯುವುದು ನಿಧಾನವಾಗುತ್ತದೆ, ಹುಳಿಗೆ ಅಮೋನಿಯಾ ಅಮೋನಿಯಂ ಆಗಿ ರಕ್ತಕ್ಕೆ ಸುಲಭವಾಗಿ ದಾಟುವುದಿಲ್ಲ. ನೀವೇ ಗೊಟ್ಟದಲ್ಲಿ ಕುಡಿಸಲು ಹೋದರೆ ಶ್ವಾಸಕೋಶಕ್ಕೆ ಇಳಿದೀತು.

ಲಿವರ್ ಗಾಯಗಟ್ಟಿ ಗಡುಸಾಗುವ ಸಿರೋಸಿಸ್‌ನಿಂದ ಅದು ಸೋತ ಮನುಷ್ಯರಲ್ಲೂ ಅಮೋನಿಯಾ ಹೀಗೇ ಏರುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಚಾಚಿದ ಕೈ ಪಟಪಟ ಬಡಿಯುವುದು ಅದರ ಗುರುತು. ಮಲಬದ್ಧತೆಯಾದರೆ ಇನ್ನೂ ಬಿಗಡಾಯಿಸುತ್ತದೆ. ಆಗ ಕೊಡುವ ಲ್ಯಾಕ್ಟುಲೋಸ್ ಸಿರಪ್ ಕೂಡ ಕರುಳನ್ನು ಹುಳಿಯಾಗಿಸಿ ಅಮೋನಿಯಾವನ್ನು ಅಲ್ಲೇ ಹಿಡಿದು ಹೊರಹಾಕುತ್ತದೆ. ದಿನಕ್ಕೆ ಎರಡು-ಮೂರು ಸಲ ಮಲ ಮೆತ್ತಗೆ ಹೋಗುವುದೇ ಅದರ ಅಳತೆ. ಭೇದಿ ಹತ್ತಿದೆ ಎಂದು ಮನೆಯವರೇ ನಿಲ್ಲಿಸಬಾರದು.