ಕೊಳೆಯದ ಹುಲ್ಲನ್ನು ಕೆಸರಿಗೆ ತುಳಿಸಿ ನಾಟಿ ಮಾಡುವವರಿಗೆ

ಕಟಾವು ಯಂತ್ರ ಬಿಟ್ಟುಹೋದ ಹುಲ್ಲಿನ ಮೇಲೆಯೇ ನಾಲೆ ನೀರು ತುಂಬಿಸಿ, ಕೆಸರು ಮಾಡುವ ಕಬ್ಬಿಣದ ಚಕ್ರ ಕೇಜ್‌ವೀಲ್ ಓಡಿಸಿ, ಇನ್ನು ಎಂಟೇ ದಿನದಲ್ಲಿ ಬೇಸಿಗೆ ಭತ್ತದ ನಾಟಿ ಎಂದು ನಿನ್ನೆ ತಾವು ಚಿತ್ರ ಸಮೇತ ಬರೆದಿದ್ದನ್ನು ಕಂಡು ಸುಮ್ಮನಿರಲಾಗಲಿಲ್ಲ. ಸುಡದೆ ಮಣ್ಣಿಗೆ ಸೇರಿಸಿದ್ದು ಸರಿ, ಸೇರಿಸಿದ ಹೊತ್ತು ತಪ್ಪು. ಈ ತಪ್ಪನ್ನು ನಾನೂ ಮಾಡಿದ್ದೇನೆ.

ನಾಟಿಯಾಗಿ ಹದಿನೆಂಟನೆಯ ದಿನಕ್ಕೆ ಗರಿಗಳು ಹಳದಿಯಾದವು. ಗದ್ದೆಗೆ ಇಳಿದರೆ ಹೆಜ್ಜೆ ಇಟ್ಟಲ್ಲೆಲ್ಲ ಗುಳ್ಳೆಗಳೇಳುತ್ತಿದ್ದವು, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸಾರಜನಕದ ಕೊರತೆಯೆಂದು ಅಂಗಡಿಯವರ ಮಾತು ಕೇಳಿ ನಿಂತ ನೀರಿಗೇ ಯೂರಿಯಾ ಎರಚಿದೆ, ಮೇಲೆ ಸತುವನ್ನೂ ಸಿಂಪಡಿಸಿದೆ. ಏನೂ ಆಗಲಿಲ್ಲ. ಕೊನೆಗೆ ಒಂದು ಬುಡ ಕಿತ್ತು ತೊಳೆದು ನೋಡಿದರೆ ಬೇರುಗಳೆಲ್ಲ ಮಸಿ ಮೆತ್ತಿದಂತೆ ಕಪ್ಪಾಗಿದ್ದವು. ಬದು ಒಡೆದು ನಾಲ್ಕು ದಿನ ಗದ್ದೆ ಆರಲು ಬಿಟ್ಟ ಮೇಲಷ್ಟೇ ಬಿಳಿ ಬೇರು ಕಾಣಿಸಿತು.

ಆ ಗುಳ್ಳೆಗಳಲ್ಲಿರುವುದು ಮೀಥೇನ್ ಅನಿಲ. ಅದಕ್ಕೆ ವಾಸನೆಯಿಲ್ಲ, ನಾರುವುದು ಹೈಡ್ರೋಜನ್ ಸಲ್ಫೈಡ್ ಎಂಬ ಇನ್ನೊಂದು ಅನಿಲ. ಆದರೆ ನೀರು ನಿಂತು ಉಸಿರುಗಟ್ಟಿದ ಮಣ್ಣಿನಲ್ಲಿ ಎರಡೂ ಒಟ್ಟಿಗೇ ಹುಟ್ಟುತ್ತವೆ, ಎರಡಕ್ಕೂ ಮೇವು ಆ ಹುಲ್ಲೇ. ಗುಳ್ಳೆಯಾಗಿ ಕಾಣುವ ಮೀಥೇನ್ ಸ್ವಲ್ಪ. ಬಹುಪಾಲು ಭತ್ತದ ಕಾಂಡದೊಳಗಿನ ಗಾಳಿಗೂಡುಗಳ ಮೂಲಕ ಸದ್ದಿಲ್ಲದೆ ಮೇಲೇರುತ್ತದೆ, ಮತ್ತು ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಲೆಕ್ಕಾಚಾರದಲ್ಲಿ, ಬೆಳೆಗೆ 30 ದಿನಕ್ಕೂ ಮೊದಲೇ ಮಣ್ಣಿಗೆ ಸೇರಿದ ಹುಲ್ಲಿನ ಪರಿಣಾಮ, ನಾಟಿ ಹೊತ್ತಿಗೆ ಸೇರಿಸಿದ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಕಟಾವಾದ ಕೂಡಲೇ, ನೆಲದಲ್ಲಿ ಇನ್ನೂ ಹಸಿ ಇರುವಾಗ, ರೊಟವೇಟರ್ ಹೊಡೆದು ಗಾಳಿಯಲ್ಲಿ ಕೊಳೆಯಲು ಬಿಡಬೇಕು. ವಾರದಲ್ಲಿ ಹುಲ್ಲು ಕೊಳೆಸುತ್ತೇವೆನ್ನುವ ದ್ರಾವಣದ ಬಾಟಲಿಗಳಿಗೆ ದುಡ್ಡು ಸುರಿಯಬೇಡಿ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಶಿಲೀಂಧ್ರ ಮಿಶ್ರಣವಾದ ಪೂಸಾ ಡೀಕಂಪೋಸರ್‌ಗೇ ಮೂರು ವಾರದಷ್ಟು ಸಮಯ ಬೇಕು. ಅಷ್ಟು ಬಿಡುವಿಲ್ಲದಿದ್ದರೆ ಹುಲ್ಲನ್ನು ಹೊರಗೆಳೆದು ದನಕ್ಕೋ ಕಾಂಪೋಸ್ಟ್ ಗುಂಡಿಗೋ ಹಾಕಿ.

ತಮ್ಮ ಗದ್ದೆಯಲ್ಲಿ ಈಗ ಆಗಿದ್ದು ಆಗಿದೆ. ಸಸಿಮಡಿ ಕಾಯುವಂತಿದ್ದರೆ ನಾಟಿಯನ್ನು ಮುಂದೂಡಿ; ಆಗದಿದ್ದರೆ ಸಸಿ ಬೇರೂರಿ ಎರಡು ವಾರವಾದ ಮೇಲೆ ನೀರು ಇಳಿಸಿ. ನೀರು ಎಷ್ಟು ಇಳಿದಿದೆಯೆಂದು ನೋಡಲು ನಾನು ನಂಬಿರುವುದು ತೂತು ಕೊರೆದ ಪೈಪನ್ನು. 30 ಸೆಂ.ಮೀ. ಉದ್ದದ, ಮುಷ್ಟಿ ಹಿಡಿಸುವಷ್ಟು ಅಗಲದ ತುಂಡಿನ ಕೆಳಭಾಗಕ್ಕೆ ಸುತ್ತಲೂ ತೂತು ಕೊರೆದು, 20 ಸೆಂ.ಮೀ. ಮಣ್ಣೊಳಗೆ ಹೂತು, ಒಳಗಿನ ಮಣ್ಣನ್ನು ತೆಗೆದುಬಿಡಿ. ಯಾವ ಕಂಪನಿಯ ಪೈಪೂ ಬೇಕಿಲ್ಲ, ಮನೆಯ ಹಿಂದೆ ಬಿದ್ದಿರುವ ತುಂಡೇ ಸಾಕು. ಒಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ 5 ಸೆಂ.ಮೀ. ನಿಲ್ಲಿಸಿ.

ಆದರೆ ಹೂ ಬರುವ ವಾರದ ಹಿಂದೆ ಮುಂದೆ ನೀರು ತಪ್ಪಿಸಬಾರದು. ಎರೆಮಣ್ಣಾದರೆ ಕೂದಲೆಳೆಯ ಬಿರುಕು ಕಂಡೊಡನೆ ನೀರು ಕೊಡಿ. ಬಿರುಕು ಅಗಲವಾದರೆ ಮುಂದಿನ ನೀರೆಲ್ಲ ಅದರೊಳಗೇ ಇಳಿಯುತ್ತದೆ. ಚೌಳು ನೆಲದಲ್ಲಿ ಆರಿಸಿದರೆ ಉಪ್ಪು ಮೇಲೇಳುತ್ತದೆ, ಅಲ್ಲಿ ಈ ವಿಧಾನ ಬೇಡ. ನಾಲೆಯ ಸರದಿ ನಂಬುವಂತಿಲ್ಲದ ಕೊನೆಯ ಭಾಗದವರಿಗೂ ನಾನು ಒತ್ತಾಯಿಸುವುದಿಲ್ಲ.

ಇನ್ನೊಂದು ಅಪಾಯ ಯೂರಿಯಾದ್ದು. ಗದ್ದೆ ಆರುತ್ತ ನೆನೆಯುತ್ತ ಇದ್ದರೆ ಮೀಥೇನ್ ಇಳಿದರೂ, ಹೆಚ್ಚಾದ ಸಾರಜನಕ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ, ಅದರ ಶಾಖ ಹಿಡಿಯುವ ಬಲ ಇಂಗಾಲದ ಡೈಆಕ್ಸೈಡ್‌ನ 273 ಪಟ್ಟು. ಸಾರಜನಕದ ನಷ್ಟ ತಗ್ಗಿಸುವ ಬೇವು ಲೇಪನ ಯೂರಿಯಾಕ್ಕಿದೆಯೆಂದು ಧಾರಾಳವಾಗಿ ಎರಚಬೇಡಿ. ನೀರಿಳಿದ ನೆಲಕ್ಕೆ ಕಂತಿನಲ್ಲಿ ಕೊಟ್ಟು ಅದೇ ದಿನ ನೀರು ಹಾಯಿಸಿ. ಪೈಪಿನ ಪಕ್ಕದಲ್ಲೊಂದು ಕೋಲು ನೆಟ್ಟು ಬಟ್ಟೆ ಕಟ್ಟಿರಿ, ಕಟಾವಿಗೆ ಮೊದಲು ಕಿತ್ತಿಡಿ. ನನ್ನ ಮೊದಲ ಎರಡು ಪೈಪುಗಳು ಯಂತ್ರದ ಚಕ್ರಕ್ಕೆ ಸಿಕ್ಕಿ ಪುಡಿಯಾದವು.